ಲ್ಯಾಮಿಂಗ್ಟನ್ ರೋಡಿನ ಪುಟ್ಟ ಕುಂಭಕರ್ಣ

ಊರಿನಿಂದ ನೆಂಟರು ಬಂದರೆ ಮುಂಬಯಿ ತೋರಿಸುವ ಕೆಲಸ ನಮಗೂ ನಿಮಗೂ ತಪ್ಪಿದ್ದಲ್ಲ. ಗೇಟ್‌ವೇ ಆಫ್ ಇಂಡಿಯಾ, ಚೌಪಾಟಿ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ ದೇವಸ್ಥಾನ, ಸಮಯ ಉಳಿದರೆ ಎಲಿಫೆಂಟಾ. ಈ ಪಟ್ಟಿಗೆ ನಾನು ಇನ್ನೊಂದು ಹೆಸರು ಸೇರಿಸಬೇಕೆಂದಿದ್ದೇನೆ. ಒಂದು ಶನಿವಾರ ಮಧ್ಯಾಹ್ನ ಪಶ್ಚಿಮ ರೈಲ್ವೆಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿಯಿರಿ. ಪೂರ್ವ ದಿಕ್ಕಿಗೆ ಹೊರಬಂದು ಹತ್ತು ನಿಮಿಷ ನಡೆಯಿರಿ. ಭಾನುವಾರ ಮಾತ್ರ ಹೋಗಬೇಡಿ, ಹೆಚ್ಚಿನ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ನೀವು ಬಂದು ನಿಂತ ಜಾಗವೇ ಲ್ಯಾಮಿಂಗ್ಟನ್ ರೋಡ್.

ಕಾಗದಪತ್ರಗಳಲ್ಲಿ ಇದಕ್ಕೆ ಡಾ. ದಾದಾಸಾಹೇಬ್ ಭಡ್ಕಂಕರ್ ಮಾರ್ಗವೆಂದು ಹೆಸರು. ಆದರೆ ಟ್ಯಾಕ್ಸಿಯವನಿಗೆ ಹಾಗೆಂದು ಹೇಳಿದರೆ ಆತ ನಿಮ್ಮ ಮುಖ ನೋಡಿಯಾನು. 1903ರಿಂದ 1907ರವರೆಗೆ ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು ಜನರ ಬಾಯಲ್ಲಿ ಹಾಗೆಯೇ ಉಳಿದುಬಿಟ್ಟಿದೆ. ಪಕ್ಕದ ಗ್ರಾಂಟ್ ರೋಡಿನ ಕಥೆಯೂ ಅಷ್ಟೆ. ಆತ 1835ರಿಂದ 1838ರವರೆಗೆ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್. ಬೋರ್ಡು ಬದಲಿಸುವುದು ಸುಲಭ, ನಾಲಿಗೆ ಬದಲಿಸುವುದು ಕಷ್ಟ.

ನಮ್ಮ ಹಿರಿಯರಿಗೆ ಈ ರಸ್ತೆ ಎಂದರೆ ಸಿನಿಮಾ ರಸ್ತೆ. ಮಿನರ್ವಾ, ಅಪ್ಸರಾ, ನಾಜ್ ಎಲ್ಲ ಇಲ್ಲೇ ಇದ್ದವು. 1975ರಲ್ಲಿ ಬಿಡುಗಡೆಯಾದ ‘ಶೋಲೆ’ ಮಿನರ್ವಾದಲ್ಲಿ ಐದು ವರ್ಷ ಓಡಿತು. ನಾಜ್ ಕಟ್ಟಡದಲ್ಲಿ ಚಿತ್ರ ವಿತರಕರ ಆಫೀಸುಗಳಿದ್ದವು. ಸುತ್ತಮುತ್ತಲಿನ ಉಡುಪಿ ಹೊಟೇಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ತಿಂಗಳಿಗೊಮ್ಮೆ ಮಿನರ್ವಾದ ಕೆಳಗಿನ ದರ್ಜೆಯ ಟಿಕೇಟಿಗೆ ಸಾಲು ನಿಂತವರು ನಮ್ಮ ಸಂಘದಲ್ಲಿ ಇಂದಿಗೂ ಸಿಗುತ್ತಾರೆ. ಕೇಳಿ ನೋಡಿ, ಸಂಭಾಷಣೆ ಸಮೇತ ಹೇಳಿಯಾರು.

ಈಗ ಇಲ್ಲಿ ಮೆರೆಯುವುದು ಎಲೆಕ್ಟ್ರಾನಿಕ್ಸ್. ರೇಡಿಯೋ ರಿಪೇರಿಯ ಕಾಲದಲ್ಲಿ ಬೆಳೆದ ಅಂಗಡಿಗಳು ಮುಂದೆ ಟೇಪ್ ರೆಕಾರ್ಡರ್, ಟಿ.ವಿ., ಕಂಪ್ಯೂಟರ್, ಸಿಸಿಟಿವಿ ಎಂದು ವೇಷ ಬದಲಿಸುತ್ತ ಬಂದವು. ಫುಟ್‌ಪಾತಿನಲ್ಲಿ ರಿಮೋಟುಗಳ ರಾಶಿ, ಹಾವಿನಂತೆ ಸುತ್ತಿಟ್ಟ ಕೇಬಲ್ಲು, ಯಾವ ಮನೆಯ ಯಾವ ಯಂತ್ರದಿಂದ ಬಂತೋ ತಿಳಿಯದ ಅಡಾಪ್ಟರುಗಳು. ಆದರೆ ರಸ್ತೆಯ ನಿಜವಾದ ಜೀವ ಇರುವುದು ಒಳಗೆ. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಲೇಬೇಕಾದ ಓಣಿ, ಅದರೊಳಗೆ ಬೀರುವಿನಷ್ಟೇ ಅಗಲದ ಅಂಗಡಿ. ಗೋಡೆ ತುಂಬ ಪುಟ್ಟ ಪುಟ್ಟ ಡಬ್ಬಿಗಳು. ಒಂದರಲ್ಲಿ ರೆಸಿಸ್ಟರ್, ಇನ್ನೊಂದರಲ್ಲಿ ಕೆಪಾಸಿಟರ್, ಮತ್ತೊಂದರಲ್ಲಿ ಸಾಸಿವೆಯಷ್ಟು ದೀಪಗಳು. ನಮ್ಮೂರ ಗಾಂಧಿಯ ಅಂಗಡಿಯಲ್ಲಿ ಹಿಪ್ಪಲಿ, ಜ್ಯೇಷ್ಠಮಧು, ಅಳಲೆಕಾಯಿ ಇಟ್ಟ ಡಬ್ಬಿಗಳನ್ನು ನೆನೆದುಕೊಂಡರೆ ಚಿತ್ರ ಸರಿಯಾಗುತ್ತದೆ. ನೀವು ಚೀಟಿ ಕೊಡುತ್ತೀರಿ, ಸೇಠ್‌ಜಿ ಕತ್ತೆತ್ತದೆ “ಕಿತ್ನಾ ಪೀಸ್?” ಎನ್ನುತ್ತಾರೆ, ಹುಡುಗ ನೋಡದೆಯೇ ಡಬ್ಬಿಗೆ ಕೈ ಹಾಕುತ್ತಾನೆ.

ಆ ಡಬ್ಬಿಗಳಲ್ಲೊಂದರಲ್ಲಿ ಇರುವ ಒಂದು ವಸ್ತುವಿನ ಬಗ್ಗೆ ನಿಮಗೆ ಹೇಳಬೇಕು. ಅದರ ಹೆಸರು ಮೈಕ್ರೋಕಂಟ್ರೋಲರ್. ನೋಡಲು ಇಪ್ಪತ್ತು ಕಾಲಿನ ಕಪ್ಪು ಜರಿಹುಳು. ಒಳಗೆ ಒಂದು ಪೂರ್ಣ ಕಂಪ್ಯೂಟರು. ಲೆಕ್ಕ ಮಾಡುವ ಭಾಗ, ಕಾರ್ಯಕ್ರಮ ಇಟ್ಟುಕೊಳ್ಳುವ ನೆನಪು, ಕೆಲಸ ಮಾಡುವಾಗ ಬೇಕಾದ ತಾತ್ಕಾಲಿಕ ನೆನಪು, ಗಡಿಯಾರ, ಹೊರಗಿನ ಜಗತ್ತಿನೊಂದಿಗೆ ವ್ಯವಹರಿಸುವ ಬಾಗಿಲುಗಳು, ಎಲ್ಲವೂ ಒಂದೇ ಚೂರಿನಲ್ಲಿ. ಮೇಜಿನ ಮೇಲಿನ ಕಂಪ್ಯೂಟರಿಗೆ ಪತ್ರ ಬರೆಯಲೂ ಬರುತ್ತದೆ, ಇಸ್ಪೀಟು ಆಡಲೂ ಬರುತ್ತದೆ. ಈ ಪುಟ್ಟದಕ್ಕೆ ಬರುವುದು ನಾವು ಕಲಿಸಿದ ಒಂದೇ ಕೆಲಸ. ಅದನ್ನು ಬೇಸರವಿಲ್ಲದೆ ಮಾಡುತ್ತಲೇ ಇರುತ್ತದೆ. ನಿಮ್ಮ ವಾಷಿಂಗ್ ಮೆಷಿನ್ನಿನಲ್ಲಿ, ಟಿ.ವಿ. ರಿಮೋಟಿನಲ್ಲಿ, ಆಟೋರಿಕ್ಷಾದ ಎಲೆಕ್ಟ್ರಾನಿಕ್ ಮೀಟರಿನಲ್ಲಿ, ಅಜ್ಜಿಯ ರಕ್ತದೊತ್ತಡ ನೋಡುವ ಯಂತ್ರದಲ್ಲಿ ಇದರ ಅಣ್ಣತಮ್ಮಂದಿರೇ ಕುಳಿತಿದ್ದಾರೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬುದು ಇವರಿಗೆ ಪೂರ್ತಿ ಸಲ್ಲದು. ಕೀರ್ತಿ ದೊಡ್ಡದೇನೂ ಇಲ್ಲ, ಕೆಲಸ ಮಾತ್ರ ದೊಡ್ಡದು.

ಈ ವಂಶದ ಮೂಲಪುರುಷರಲ್ಲಿ ಒಬ್ಬ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಎಂಎಸ್1000. ಅದು 1974ರಲ್ಲಿ ಮಾರುಕಟ್ಟೆಗೆ ಬಂತು. 1980ರಲ್ಲಿ ಇಂಟೆಲ್ ಕಂಪನಿ 8051 ಎಂಬುದನ್ನು ಹೊರತಂದಿತು. ನಲವತ್ತು ಕಾಲು, ನಾಲ್ಕು ಕಿಲೋಬೈಟ್ ಕಾರ್ಯಕ್ರಮದ ನೆನಪು, 128 ಬೈಟ್ ತಾತ್ಕಾಲಿಕ ನೆನಪು. ನಮ್ಮ ದೇಶದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಓದದೆ ಪಾಸಾದವರು ಕಡಿಮೆ. ಆಗಿನ ಚಿಪ್ಪುಗಳಲ್ಲಿ ಕೆಲವಕ್ಕೆ ಬೆನ್ನ ಮೇಲೆ ಗಾಜಿನ ಕಿಟಕಿ ಇರುತ್ತಿತ್ತು. ಬರೆದದ್ದು ತಪ್ಪಾದರೆ ಆ ಕಿಟಕಿಯ ಮೂಲಕ ನೇರಳಾತೀತ ಬೆಳಕು ಬಿಟ್ಟು, ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಕಾದು, ಅಳಿಸಿ ಮತ್ತೆ ಬರೆಯಬೇಕು. 1993ರಲ್ಲಿ ಆಟ್ಮೆಲ್ ಕಂಪನಿ ವಿದ್ಯುತ್ತಿನಿಂದಲೇ ಕ್ಷಣದಲ್ಲಿ ಅಳಿಸಬಹುದಾದ ಫ್ಲ್ಯಾಶ್ ನೆನಪಿನ 8051 ತಂದಮೇಲೆ ಕಿಟಕಿಯ ಚಿಪ್ಪುಗಳು ಹಳೆಯ ಪೆಟ್ಟಿಗೆ ಸೇರಿದವು. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ಹುಟ್ಟಿದ ಆರ್ಡುಯಿನೋ ಬೋರ್ಡು ಬಂದಮೇಲಂತೂ ಶಾಲೆಯ ಮಕ್ಕಳೂ ಈ ವಿದ್ಯೆಗೆ ಕೈ ಹಾಕಿದರು.

ಇನ್ನು ನಾನು ಆ ಓಣಿಗೆ ಹೋದ ಕಾರಣ ಹೇಳುತ್ತೇನೆ. ಮುಂಬಯಿಯಲ್ಲಿ ಮನೆ ಮಾಡಿದವರಿಗೆ ನೀರಿನ ವೇಳಾಪಟ್ಟಿ ರೈಲಿನ ವೇಳಾಪಟ್ಟಿಯಷ್ಟೇ ಮುಖ್ಯ. ನಮ್ಮ ಸೊಸೈಟಿಯದು ಏಳು ಮಾಳಿಗೆ. ಬೆಳಗಿನ ಜಾವ ನೆಲದಡಿಯ ಟಾಕಿಗೆ ನಗರಪಾಲಿಕೆಯ ನೀರು ಬರುತ್ತದೆ. ಅದನ್ನು ಪಂಪು ಹಾಕಿ ತಾರಸಿಯ ಟಾಕಿಗೆ ಏರಿಸಬೇಕು. ನಾಲ್ಕು ಗಂಟೆಗೆ ಎದ್ದು ಪಂಪು ಹಾಕುವುದು, ಟಾಕಿ ತುಂಬಿದಾಗ ನಿಲ್ಲಿಸುವುದು ವಾಚ್‌ಮನ್ನನ ಕೆಲಸ. ಆತ ಕಲಬುರಗಿ ಕಡೆಯವನು, ಹನ್ನೆರಡು ವರ್ಷದಿಂದ ನಮ್ಮಲ್ಲಿದ್ದಾನೆ. ರಾತ್ರಿಯಿಡೀ ಗೇಟು ಕಾದವನಿಗೆ ನಾಲ್ಕೂವರೆಗೆ ಕಣ್ಣು ಹತ್ತಿದರೆ ಟಾಕಿ ಉಕ್ಕಿ ತಾರಸಿಯಿಂದ ಜಲಪಾತ. ಅಂದು ಆತನ ಪಗಾರದಲ್ಲಿ ಕಡಿತ. ಸ್ವಯಂಚಾಲಿತ ವ್ಯವಸ್ಥೆಗೆಂದು ಹಿಂದೆ ತಾರಸಿಯಿಂದ ಕೆಳಗಿನವರೆಗೆ ತಂತಿ ಎಳೆಸಿದ್ದೆವು. ಮಳೆಗಾಲ, ಇಲಿ ಮತ್ತು ಕೇಬಲ್ ಟಿ.ವಿ. ಹುಡುಗರು ಸೇರಿ ವರ್ಷಕ್ಕೆರಡು ಸಲ ಅದನ್ನು ಕಡಿಯುತ್ತಿದ್ದರು. ತಾರಸಿಯ ಟಾಕಿಯ ಬಳಿ ಪ್ಲಗ್ ಪಾಯಿಂಟೂ ಇಲ್ಲ. ಹಾಗಾದರೆ ತಂತಿಯೇ ಇಲ್ಲದೆ, ಎರಡು ಪೆನ್ಸಿಲ್ ಸೆಲ್ಲುಗಳ ಮೇಲೆ ವರ್ಷಗಟ್ಟಲೆ ನಡೆಯುವ ಒಂದು ಕಾವಲುಗಾರ ಬೇಕು. ಅಂಥದ್ದು ಉಂಟೇ?

ಉಂಟು. ಡಬ್ಬಿಯಿಂದ ಹೊರಬಂದದ್ದು ಎಂಎಸ್‌ಪಿ430 ಕುಟುಂಬದ ಜಿ2553. ಇದೂ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದೇ. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ ಆ ಕಂಪನಿಯ ಹೆಸರು ನಮಗೆ ಹೊಸದಲ್ಲ. ಬೆಲೆ, ಇಬ್ಬರು ಹೊಟೇಲಿನಲ್ಲಿ ಮಸಾಲೆ ದೋಸೆ ತಿಂದು ಕಾಫಿ ಕುಡಿದ ಬಿಲ್ಲಿನಷ್ಟು. ಕಾರ್ಯಕ್ರಮಕ್ಕೆ 16 ಕಿಲೋಬೈಟ್, ತಾತ್ಕಾಲಿಕ ನೆನಪಿಗೆ 512 ಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಇದರಲ್ಲಿ ಹಿಡಿಸದು. ಆದರೆ ಟಾಕಿ ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಫೋಟೋ ಯಾಕೆ ಬೇಕು?

ಇದರ ದೊಡ್ಡ ಗುಣ ನಿದ್ದೆ. ಚಿಪ್ಪಿನೊಳಗಿನ ಸಾವಿರಾರು ಟ್ರಾನ್ಸಿಸ್ಟರುಗಳು ಗಡಿಯಾರದ ಪ್ರತಿ ಬಡಿತಕ್ಕೂ ತೆರೆದು ಮುಚ್ಚುತ್ತವೆ. ವಿದ್ಯುತ್ತು ಬಹುಪಾಲು ಖರ್ಚಾಗುವುದು ಈ ತೆರೆದು ಮುಚ್ಚುವುದರಲ್ಲೇ. ಬಡಿತ ನಿಲ್ಲಿಸಿದರೆ ಖರ್ಚೂ ನಿಲ್ಲುತ್ತದೆ, ನೆನಪು ಮಾತ್ರ ಉಳಿಯುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಬಡಿತದಲ್ಲಿ ಕೆಲಸ ಮಾಡುವಾಗ ಈ ಚಿಪ್ಪು ಕುಡಿಯುವುದು ಸುಮಾರು 230 ಮೈಕ್ರೋ ಆಂಪಿಯರ್. ಅಂದರೆ ಒಂದು ಆಂಪಿಯರಿನ ಹತ್ತು ಲಕ್ಷ ಭಾಗದಲ್ಲಿ 230 ಭಾಗ. ಮಲಗಿದಾಗ ಅರ್ಧ ಮೈಕ್ರೋ ಆಂಪಿಯರ್. ಆಗ ಎಚ್ಚರವಿರುವುದು ಒಂದು ಪುಟ್ಟ ಸ್ಫಟಿಕ ಮಾತ್ರ. ಅದು ಕೈಗಡಿಯಾರದಲ್ಲಿರುವ ಅದೇ ಸ್ಫಟಿಕ, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ ಅನ್ನುತ್ತೀರಾ? ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋಗಿ, ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. 1961ರಲ್ಲಿ ಶುರುವಾದ ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯ ವಾಚಿಗೆ ದಿನಾ ಬೆಳಿಗ್ಗೆ ಕೀಲಿ ಕೊಡುತ್ತಿದ್ದ ನಮ್ಮ ಅಪ್ಪಂದಿರಿಗೆ ಈ ಸ್ಫಟಿಕದ ಮಾತು ಹೇಳಿದ್ದರೆ ನಂಬುತ್ತಿರಲಿಲ್ಲ.

ಕುಂಭಕರ್ಣನನ್ನು ಎಬ್ಬಿಸಲು ಭೇರಿ ಬಾರಿಸಿದರು, ಆನೆ ತುಳಿಸಿದರು ಎಂದು ರಾಮಾಯಣ ಕೇಳಿದ್ದೇವೆ. ಈ ಕುಂಭಕರ್ಣ ಎದ್ದು ಕೆಲಸಕ್ಕೆ ನಿಲ್ಲಲು ಬೇಕಾಗುವ ಸಮಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ನಾವು ಯೋಚಿಸಿದ ವ್ಯವಸ್ಥೆ ಸರಳವಾದದ್ದು. ಟಾಕಿಯಲ್ಲಿ ಅಯಸ್ಕಾಂತವಿರುವ ತೇಲುಗುಂಡು. ನೀರು ಏರಿದಾಗ ಅದು ಗಾಜಿನ ಕೊಳವೆಯೊಳಗಿನ ಎರಡು ಲೋಹದ ಪಟ್ಟಿಗಳನ್ನು ಅಂಟಿಸುತ್ತದೆ; ಇದಕ್ಕೆ ರೀಡ್ ಸ್ವಿಚ್ ಎನ್ನುತ್ತಾರೆ. ಚಿಪ್ಪು ಐದು ನಿಮಿಷಕ್ಕೊಮ್ಮೆ ಎದ್ದು ಸ್ವಿಚ್ ನೋಡಿ, ಪುಟ್ಟ ರೇಡಿಯೋದ ಮೂಲಕ ಕೆಳಗಿನ ಪೆಟ್ಟಿಗೆಗೆ ಒಂದು ಮಾತು ಹೇಳಿ, ಮತ್ತೆ ಮಲಗುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಅಲೆಗಳನ್ನು ಕಡಿಮೆ ಶಕ್ತಿಯಲ್ಲಿ ಪರವಾನಗಿಯಿಲ್ಲದೆ ಬಳಸಬಹುದು. ಕೆಳಗಿನ ಪೆಟ್ಟಿಗೆ ಮನೆಯ ಕರೆಂಟಿನಲ್ಲೇ ನಡೆಯುವುದರಿಂದ ಅದಕ್ಕೆ ಜಿಪುಣತನದ ಅಗತ್ಯವಿಲ್ಲ.

ಲೆಕ್ಕ ಬೇಕಾದವರಿಗೆ ಲೆಕ್ಕ. ರೇಡಿಯೋ ಮಾತಾಡುವಾಗ ಸುಮಾರು 30 ಮಿಲಿ ಆಂಪಿಯರ್ ಬೇಕು, ಆದರೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ. ದಿನಕ್ಕೆ 288 ಸಲ ಎದ್ದರೂ ಒಟ್ಟು ಖರ್ಚು 0.12 ಮಿಲಿ ಆಂಪಿಯರ್ ಗಂಟೆ. ನಿದ್ದೆಯಲ್ಲಿ ಚಿಪ್ಪು, ರೇಡಿಯೋ ಎಲ್ಲ ಸೇರಿ ಎರಡು ಮೈಕ್ರೋ ಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 0.05. ವರ್ಷಕ್ಕೆ ಎಲ್ಲ ಸೇರಿ ಅರವತ್ತರ ಆಸುಪಾಸು. ಒಳ್ಳೆಯ ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 2000 ಇರುತ್ತದೆ. ಕಾಗದದ ಮೇಲೆ ಮೂವತ್ತು ವರ್ಷ! ಅಷ್ಟು ವರ್ಷ ಸೆಲ್ಲೇ ಬಾಳುವುದಿಲ್ಲ, ಅದು ಬೇರೆ ಮಾತು. ಹತ್ತು ವರ್ಷದೊಳಗೆ ಅದು ಕುಳಿತಲ್ಲೇ ಮುದಿಯಾಗುತ್ತದೆ. ಇದೇ ಕೆಲಸಕ್ಕೆ ನಿದ್ದೆ ಕಲಿಸದ ಒಂದು ಆರ್ಡುಯಿನೋ ಊನೋ ಬೋರ್ಡು ಇಟ್ಟರೆ ಅದು ಸದಾ 50 ಮಿಲಿ ಆಂಪಿಯರಿನಷ್ಟು ಕುಡಿದು, ಅಷ್ಟೇ ಸತ್ವವಿರುವ ಬ್ಯಾಟರಿಯನ್ನು ನಲವತ್ತು ಗಂಟೆಯಲ್ಲಿ ಮುಗಿಸುತ್ತದೆ. ಮೂರನೆಯ ದಿನ ನೀವು ಮತ್ತೆ ತಾರಸಿ ಹತ್ತಬೇಕು.

ಇಂಥ ಲೆಕ್ಕ ಪುಸ್ತಕದಲ್ಲೂ ಸಿಗುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಮಾತ್ರ ಸಿಗುವುದು ಬೇರೆ. ನಾನು ಚೀಟಿ ಕೊಟ್ಟಾಗ ಪಕ್ಕದ ಸ್ಟೂಲಿನ ಮೇಲೆ ಒಬ್ಬ ವಯಸ್ಸಾದ ರಿಪೇರಿಯವರು ಚಹಾ ಕುಡಿಯುತ್ತಿದ್ದರು. ಕೇಳದೆಯೇ ಚೀಟಿ ಇಸಿದುಕೊಂಡು ನೋಡಿ, ಹಿಂದಿಯಲ್ಲಿ ಅವರು ಹೇಳಿದ್ದರ ಸಾರ ಇದು: “ಚಿಪ್ಪೊಂದು ಮಲಗಿದರೆ ಸಾಲದು, ಅದರ ಅಕ್ಕಪಕ್ಕದವರೂ ಮಲಗಬೇಕು. ಸ್ವಿಚ್ಚಿಗೆ ಹತ್ತು ಸಾವಿರ ಓಮಿನ ರೆಸಿಸ್ಟರ್ ಯಾವಾಗಲೂ ಕಟ್ಟಿಟ್ಟರೆ, ಟಾಕಿ ತುಂಬಿದಷ್ಟು ಹೊತ್ತೂ ಅದರಲ್ಲಿ 300 ಮೈಕ್ರೋ ಆಂಪಿಯರ್ ಸೋರುತ್ತದೆ. ಸೆಲ್ಲು ಒಂಬತ್ತು ತಿಂಗಳಿಗೆ ಖಾಲಿ. ಎದ್ದಾಗ ಮಾತ್ರ ಅದಕ್ಕೆ ಕರೆಂಟು ಕೊಡು, ನೋಡು, ತೆಗೆ. ಅಂದಕ್ಕೆ ಕೆಂಪು ದೀಪ ಹಾಕಬೇಡ, ಅದು ಹದಿನೈದು ದಿನದಲ್ಲಿ ಸೆಲ್ಲನ್ನು ನುಂಗುತ್ತದೆ.” ಸೋರುವ ನಲ್ಲಿಯ ಕೆಳಗೆ ಬಕೀಟು ಇಟ್ಟು ಬೆಳಗಾಗುವಾಗ ನೋಡಿದ ಮುಂಬಯಿಕರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನಿಗೂಡಿದರೆ ಹಳ್ಳ, ಹನಿ ಸೋರಿದರೆ ಟಾಕಿ ಖಾಲಿ.

ಪೆಟ್ಟಿಗೆ ತಯಾರಾಯಿತು, ಕೆಲಸ ಮಾಡಿತು. ಆಗ ಎದ್ದಿತು ನೋಡಿ ನಿಜವಾದ ಪ್ರಶ್ನೆ. ಬೆಳಗಿನ ಪಂಪಿನ ಕೆಲಸಕ್ಕೆಂದು ವಾಚ್‌ಮನ್ನನಿಗೆ ತಿಂಗಳಿಗೆ ಎಂಟುನೂರು ರೂಪಾಯಿ ಬೇರೆಯಾಗಿ ಕೊಡುತ್ತಿದ್ದೆವು. ಇನ್ನು ಯಂತ್ರವೇ ಮಾಡುತ್ತದಲ್ಲ, ಆ ಹಣ ನಿಲ್ಲಿಸೋಣ ಎಂದು ಕಮಿಟಿಯಲ್ಲಿ ಸೂಚನೆ ಬಂತು. ಹೇಳಿದವರು ಕೆಟ್ಟವರೇನಲ್ಲ, ಸೊಸೈಟಿಯ ಲೆಕ್ಕ ನೋಡುವವರು. ಪೆಟ್ಟಿಗೆಯ ಖರ್ಚು ಹಾಗೆಯೇ ಹುಟ್ಟುತ್ತದೆ ಎಂಬುದು ಅವರ ವಾದ. ಚಿಪ್ಪು ಐದು ನಿಮಿಷಕ್ಕೊಮ್ಮೆ ಮಾತ್ರ ಎದ್ದು ಉಳಿದ ಹೊತ್ತು ಮಲಗುತ್ತದೆ, ಅದರಿಂದಲೇ ಉಳಿತಾಯ ಎಂದು ನಾನು ಅವರಿಗೆ ವಿವರಿಸುತ್ತಿದ್ದೆ. ಚಹಾ ತಂದಿಟ್ಟ ವಾಚ್‌ಮನ್ ಬಾಗಿಲಲ್ಲೇ ನಿಂತು ನಗುತ್ತ ಅಂದ: “ಸಾಹೇಬ್ರ, ಅದು ಮಕ್ಕೊಂಡ್ರ ಶಾಣ್ಯಾ ಅಂತೀರಿ, ನಾ ಮಕ್ಕೊಂಡ್ರ ಪಗಾರ ಕಟ್ ಮಾಡ್ತೀರಿ. ಹೌದಲ್ರೀ?”

ಯಾರೂ ಉತ್ತರ ಕೊಡಲಿಲ್ಲ. ಕೊಡಲು ಇದ್ದರಲ್ಲವೇ? ಕೊನೆಗೆ ಮತಕ್ಕೆ ಹಾಕಿದಾಗ ಒಂದೇ ಒಂದು ಮತದ ಅಂತರದಿಂದ ಹಣ ಉಳಿಯಿತು. ಅದಕ್ಕೆ ಕರುಣೆಯೊಂದೇ ಕಾರಣವಲ್ಲ. ತಾರಸಿಯಿಂದ ಮೂರು ಸಲ ಮಾತು ಬಾರದಿದ್ದರೆ ಕೆಳಗಿನ ಪೆಟ್ಟಿಗೆ ಪಂಪು ನಿಲ್ಲಿಸಿ ಗಂಟೆ ಬಾರಿಸುವಂತೆ ಮಾಡಿದ್ದೇವೆ. ಬಾರಿಸಿದ ಗಂಟೆಯನ್ನು ಕೇಳಲು ಒಬ್ಬ ಮನುಷ್ಯ ಬೇಕಲ್ಲ! ಈಗ ಆತ ನಾಲ್ಕರಿಂದ ಆರರವರೆಗೆ ಕುರ್ಚಿಯಲ್ಲೇ ಒಂದಿಷ್ಟು ಕಣ್ಣು ಮುಚ್ಚುತ್ತಾನೆ, ಗಂಟೆಯಾದರೆ ಏಳುತ್ತಾನೆ. ಮುಂದಿನ ವರ್ಷದ ಕಮಿಟಿ ಏನು ಮಾಡುತ್ತದೋ, ಅದನ್ನು ಯಾವ ಚಿಪ್ಪೂ ಹೇಳಲಾರದು. ಯಂತ್ರ ಬಂದು ಉಳಿಸಿದ ಹೊತ್ತು ಯಾರ ಪಾಲಿಗೆ ಎಂಬುದನ್ನು ನಾವೇ ತೀರ್ಮಾನಿಸಬೇಕು.

ಇಂಥ ಜಿಪುಣ ಚಿಪ್ಪುಗಳಿಂದ ದೇಶಕ್ಕೆ ಏನು ಲಾಭ ಎಂದು ಕೇಳುವವರಿಗೆ ಒಂದೇ ಉದಾಹರಣೆ ಸಾಕು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸುವ ಮತಯಂತ್ರದೊಳಗೂ ಮೈಕ್ರೋಕಂಟ್ರೋಲರೇ ಇದೆ. ಒಮ್ಮೆ ಬರೆದರೆ ಮತ್ತೆ ತಿದ್ದಲಾಗದ ಜಾತಿಯದು. ಬ್ಯಾಟರಿಯಲ್ಲೇ ನಡೆಯುವುದರಿಂದ ಕರೆಂಟಿಲ್ಲದ ಊರಿನ ಶಾಲೆಯಲ್ಲೂ ಮತದಾನ ನಿಲ್ಲುವುದಿಲ್ಲ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದಲ್ಲಿ ಮೊದಲ ಸಲ ಬಳಸಿದ ಈ ಯಂತ್ರ 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇಡೀ ದೇಶವನ್ನು ತಲುಪಿತ್ತು.

ಲ್ಯಾಮಿಂಗ್ಟನ್ ರೋಡು ಮೊದಲಿನಂತಿಲ್ಲ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಒತ್ತಿದರೆ ಚಿಪ್ಪು ಬಾಗಿಲಿಗೆ ಬರುವ ಕಾಲ. 2020ರಿಂದ 2022ರವರೆಗೆ ಜಗತ್ತಿನಾದ್ಯಂತ ಚಿಪ್ಪಿನ ಬರ ಬಂದಾಗ ಕಾರು ಕಾರ್ಖಾನೆಗಳೇ ನಿಂತಿದ್ದವು. ಆಗ ಹಳೆಯ ಡಬ್ಬಿಗಳಿಗೂ ಬೆಲೆ ಬಂದಿತ್ತು. ಬರದ ಜೊತೆಗೆ ಮೋಸವೂ ಬರುತ್ತದೆ. ಹಳೆಯ ಚಿಪ್ಪಿನ ಬೆನ್ನು ಉಜ್ಜಿ ಬೇರೆ ಹೆಸರು ಅಚ್ಚೊತ್ತಿ ಮಾರುವವರಿದ್ದಾರೆ. ಹತ್ತಿಗೆ ಅಸಿಟೋನ್ ಹಚ್ಚಿ ಒರೆಸಿದರೆ ಕಳಪೆ ಅಚ್ಚು ಕೆಲವೊಮ್ಮೆ ಬಣ್ಣ ಬಿಡುತ್ತದೆ. ಆದ್ದರಿಂದ ಗುರುತಿನ ಅಂಗಡಿಗೇ ಹೋಗಿ, ಮೊದಲು ಎರಡು ಕೊಂಡು ಪರೀಕ್ಷಿಸಿ, ಆಮೇಲೆ ಇಪ್ಪತ್ತು ಕೊಳ್ಳಿ.

ಹೋಗುವುದಾದರೆ ಇನ್ನೂ ಒಂದೆರಡು ಮಾತು. ಬೇಕಾದ ವಸ್ತುವಿನ ಪೂರ್ತಿ ನಂಬರು ಬರೆದುಕೊಂಡು ಹೋಗಿ. “ಅದೇ, ಕಪ್ಪಗೆ ಇರುತ್ತದಲ್ಲ” ಎಂದರೆ ಅಲ್ಲಿ ಎಲ್ಲವೂ ಕಪ್ಪಗೇ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಅವಸರ ಮಾಡಬೇಡಿ. ಬಿಲ್ಲು ಕೇಳಿ ಪಡೆಯಿರಿ. ಮನೆಯಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಐನೂರು ರೂಪಾಯಿ ಕೈಗೆ ಕೊಟ್ಟು, ಅಂಗಡಿಯವರೊಂದಿಗೆ ಅವರೇ ಮಾತಾಡಲಿ ಎಂದು ಎರಡು ಹೆಜ್ಜೆ ದೂರ ನಿಲ್ಲಿ. ಮೊಬೈಲಿನ ಗಾಜನ್ನು ಸವರಿದ ಬೆರಳಿಗೆ ಅದರೊಳಗೆ ಏನಿದೆ ಎಂಬುದು ಮುಟ್ಟಿ ತಿಳಿಯಬೇಕು. ಪಕ್ಕದ ಸ್ಟೂಲಿನಲ್ಲಿ ಯಾರಾದರೂ ಹಿರಿಯರು ಚಹಾ ಕುಡಿಯುತ್ತಿದ್ದರೆ ನಿಮ್ಮ ಚೀಟಿಯನ್ನು ಅವರಿಗೂ ಕಾಣುವಂತೆ ಹಿಡಿಯಿರಿ. ಆ ವಿದ್ಯೆಗೆ ಇಲ್ಲಿ ಇನ್ನೂ ಬೆಲೆ ಕಟ್ಟಿಲ್ಲ.